ಶುಕ್ರವಾರ ರಾತ್ರಿಯ ಲಕೋಟೆಗಳು

ಬಾಸ್ಟನ್ನಿನ ಬ್ರಾಮ್‌ಫೀಲ್ಡ್ ಬೀದಿಯ 22ನೇ ನಂಬರಿನ ಮೆಟ್ಟಿಲು ನಾನು ಹತ್ತಿದ್ದು 1981ರ ಚಳಿಗಾಲದಲ್ಲಿ. ಮೈಸೂರಿನಿಂದ ಓದಲು ಹೋಗಿದ್ದೆ. ನಾನು ಗೇ ಎಂದು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. 'ಗೇ ಕಮ್ಯುನಿಟಿ ನ್ಯೂಸ್' ಕಚೇರಿಯಲ್ಲಿ ಅದನ್ನು ಯಾರೂ ಕೇಳಲೂ ಇಲ್ಲ. ಒಂದು ಕಟ್ಟು ಪತ್ರಿಕೆ ಮುಂದಿಟ್ಟು, ಮಡಚು ಅಂದರು.

1973ರ ಜೂನ್‌ನಲ್ಲಿ ಎರಡು ಪುಟದ ಸೈಕ್ಲೋಸ್ಟೈಲ್ ಹಾಳೆಯಾಗಿ ಹುಟ್ಟಿದ ಪತ್ರಿಕೆ ಅದು. ನಾನು ಹೋಗುವ ಹೊತ್ತಿಗೆ ವಾರಪತ್ರಿಕೆ. ಗಂಡಸರು, ಹೆಂಗಸರು ಸೇರಿ, ಮಾಲೀಕರಿಲ್ಲದೆ, ಕೂಡಿ ಚರ್ಚಿಸಿ ನಡೆಸುತ್ತಿದ್ದರು. ಜಗಳಕ್ಕೆ ಬರವಿರಲಿಲ್ಲ.

ಶುಕ್ರವಾರ ರಾತ್ರಿ ಅಂಚೆಯ ಕೆಲಸ. ಮಡಚಬೇಕು, ಹೊರಗೆ ಗುರುತು ತಿಳಿಯದ ಲಕೋಟೆಗೆ ತುಂಬಬೇಕು, ವಿಳಾಸದ ಚೀಟಿ ಅಂಟಿಸಬೇಕು, ಪಿನ್‌ಕೋಡಿನ ಪ್ರಕಾರ ಕಟ್ಟು ಕಟ್ಟಬೇಕು. ಮಡಿಕೆಯನ್ನು ಉಗುರಿನಿಂದ ಎಳೆದರೆ ಕಾಗದ ಹರಿಯುತ್ತಿತ್ತು. ಅಂಗೈಯ ಬುಡದಿಂದ ಒಮ್ಮೆ ಒತ್ತಿ ಎಳೆಯುವುದನ್ನು ಎರಡನೇ ವಾರಕ್ಕೆ ಕಲಿತೆ. ಕೈಯೆಲ್ಲ ಮಸಿ. ಲಕೋಟೆ ಯಾಕೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನಮ್ಮ ಬೀದಿಯ ಪೋಸ್ಟ್‌ಮ್ಯಾನ್ ಕಾರ್ಡುಗಳನ್ನು ಓದಿ ಮುಗಿಸಿಯೇ ಅಮ್ಮನ ಕೈಗೆ ಕೊಡುತ್ತಿದ್ದ. ಅಲ್ಲಿಯೂ ಅದೇ ಭಯ: ಸಲಿಂಗಪ್ರೇಮಿ ಎಂಬ ಕಾರಣಕ್ಕೆ ಕೆಲಸದಿಂದಲೋ ಬಾಡಿಗೆ ಮನೆಯಿಂದಲೋ ಹೊರಹಾಕುವುದನ್ನು ತಡೆಯುವ ಕಾನೂನು ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬಂದದ್ದು 1989ರಲ್ಲಿ.

ನನ್ನ ಮನಸ್ಸು ಹೆಚ್ಚು ಹತ್ತಿದ್ದು ಜೈಲಿನ ಪತ್ರಗಳಿಗೆ. ಕೈದಿಗಳಿಗೆ ಪತ್ರಿಕೆ ಉಚಿತ. ಆ ಕೆಲಸವನ್ನು ಹೆಗಲಿಗೆ ಹಾಕಿಕೊಂಡಿದ್ದವರು ಮೈಕ್ ರೀಗಲ್. ನಾನು ಕೂತು ಉತ್ತರ ಬರೆಯುತ್ತಿದ್ದೆ. ಕೆಲವರು ಕೇಳುತ್ತಿದ್ದುದು ಇಷ್ಟೇ: ಯಾರಾದರೂ ನನಗೊಂದು ಕಾಗದ ಬರೆಯುತ್ತೀರಾ?

1982ರ ಜುಲೈ 7ರಂದು ಆ ಕಟ್ಟಡಕ್ಕೆ ಬೆಂಕಿ ಬಿತ್ತು. ಬೇಕೆಂದೇ ಇಟ್ಟ ಬೆಂಕಿ. ಅಲ್ಲೇ ಇದ್ದ 'ಗ್ಲ್ಯಾಡ್ ಡೇ' ಪುಸ್ತಕದಂಗಡಿಯೂ ಹೋಯಿತು. ಬೀದಿಯಲ್ಲಿ ನಿಂತಾಗ ನೆನೆದ, ಸುಟ್ಟ ಕಾಗದದ ವಾಸನೆ ಗಂಟಲಿಗೆ ಇಳಿಯಿತು. ಅತ್ತುಬಿಟ್ಟೆ. ಪತ್ರಿಕೆ ನಿಲ್ಲಲಿಲ್ಲ. ಬೇರೆ ಮೇಜು, ಅದೇ ಮಡಿಕೆ.

ನಾನು ಊರಿಗೆ ಮರಳಿದ ಮೇಲೆ, 1990ರಲ್ಲಿ ಪತ್ರಕರ್ತ ಅಶೋಕ್ ರಾವ್ ಕವಿ ಮುಂಬಯಿಯಲ್ಲಿ ಸಲಿಂಗಪ್ರೇಮಿಗಳ ಪತ್ರಿಕೆ 'ಬಾಂಬೆ ದೋಸ್ತ್' ಶುರುಮಾಡಿದರು. ಗೆಳೆಯನೊಬ್ಬ ಒಂದು ಸಂಚಿಕೆಯನ್ನು ಅಂಚೆಯಲ್ಲಿ ಕಳಿಸಿದ್ದ. ಬಿಡಿಸುವ ಮೊದಲು ಲಕೋಟೆಯನ್ನು ಎರಡೂ ಕಡೆ ತಿರುಗಿಸಿ ನೋಡಿದೆ. ನನ್ನ ಹೆಸರು, ಮನೆ ನಂಬರು. ಅಷ್ಟೇ.