ತುಕ್ಕು ಹತ್ತುವುದು ಅಡಿಯಿಂದ: ಕಸದ ಕಂಟೈನರ್ ಕಟ್ಟುವ ನನ್ನ ಅನುಭವ

ಕಸದ ಕಂಟೈನರ್ ಮಾಡಿಸಲು ಬರುವವರು ಮೊದಲು ಕೇಳುವುದು, "ಎಷ್ಟು ದಪ್ಪದ ಶೀಟು ಹಾಕ್ತೀರಿ?" ಅವರಿಗೆ ನನ್ನ ಮರುಪ್ರಶ್ನೆ, "ಎಂತ ಕಸ ಹಾಕ್ತೀರಿ? ಅದರ ನೀರು ಎಲ್ಲಿಗೆ ಹೋಗ್ತದೆ?" ಕಾಸರಗೋಡು ಜಿಲ್ಲೆಯ ಉಪ್ಪಳದ ಹತ್ತಿರ ನನ್ನದೊಂದು ವೆಲ್ಡಿಂಗ್ ಶೆಡ್ ಇದೆ. ಗೇಟು, ಗ್ರಿಲ್, ಶೀಟಿನ ಮಾಡು ಇವೆಲ್ಲ ದಿನನಿತ್ಯದ ಕೆಲಸ. ಆಡಿಟೋರಿಯಂ, ಸೂಪರ್ ಮಾರ್ಕೆಟ್, ಫ್ಲಾಟು, ಹೋಟೆಲಿನವರಿಗೆ ಬೇಕಾದ ದೊಡ್ಡ ಕಬ್ಬಿಣದ ಕಂಟೈನರ್ ಮಾಡುವುದೆಂದರೆ ಮಾತ್ರ ನನಗೆ ಬೇರೆಯೇ ಆಸಕ್ತಿ. 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರಂನಲ್ಲಿ ಕಸದ ರಾಶಿಗೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆ ಎದ್ದ ಮೇಲೆ ನಮ್ಮ ಕಡೆಯೂ ವ್ಯಾಪಾರಿಗಳು ಕಸದ ಬಗ್ಗೆ ಗಂಭೀರವಾಗಿ ವಿಚಾರಿಸತೊಡಗಿದರು.

ಈ ಕೆಲಸವನ್ನು ನನಗೆ ಕಲಿಸಿದ್ದು ರಿಪೇರಿಗೆ ಬಂದ ಹಳೆಯ ಕಂಟೈನರುಗಳು. ಚೈನ್ ಬ್ಲಾಕಿನಲ್ಲಿ, ಅಂದರೆ ಸರಪಳಿ ರಾಟೆಯಲ್ಲಿ, ಎತ್ತಿ ಮಗುಚಿ ಹಾಕಿದರೆ ಅದರ ಕಥೆಯೆಲ್ಲ ಅಡಿಯಲ್ಲಿ ಬರೆದಿರುತ್ತದೆ. ಭಾರಕ್ಕೆ ಬಾಗಿ ಹಾಳಾದವು ಕಡಿಮೆ, ಅಡಿ ಕೊಳೆತು ಬಂದವೇ ಹೆಚ್ಚು. ತೂತು ಬೀಳುವುದು ಅಡಿಯ ನಟ್ಟನಡುವೆ ಅಲ್ಲ. ಗೋಡೆ ಮತ್ತು ಅಡಿ ಸೇರುವ ಮೂಲೆಯಲ್ಲಿ, ಕೆಳಗಿನಿಂದ ಭಾರ ಹೊರುವ ಕಬ್ಬಿಣದ ಅಡಿಚಾನೆಲ್ ಶೀಟಿಗೆ ತಾಗಿ ಕೂತ ಜಾಗದಲ್ಲಿ, ಹೊರಗಿನ ಆಂಗಲ್ ಪಟ್ಟಿಯ ಹಿಂದೆ. ಎಲ್ಲೆಲ್ಲಿ ಬಿಟ್ಟು ಬಿಟ್ಟು ವೆಲ್ಡಿಂಗ್ ಮಾಡಿದ್ದಾರೋ ಅಲ್ಲಲ್ಲಿ ಎರಡು ಲೋಹದ ನಡುವಿನ ಸಂದಿಯಲ್ಲಿ ನೀರು ನಿಂತಿರುತ್ತದೆ. ಆ ನೀರು ಒಣಗುವುದೇ ಇಲ್ಲ.

ಕಸದಿಂದ ಇಳಿಯುವ ನೀರು ಬರೀ ನೀರಲ್ಲ. ಅನ್ನ, ಸಾರು, ಹಣ್ಣಿನ ಸಿಪ್ಪೆ ಕೊಳೆಯುವಾಗ ಮೊದಮೊದಲು ಹುಳಿ ಏಳುತ್ತದೆ, ಆ ಆಮ್ಲ ಕಬ್ಬಿಣವನ್ನು ತಿನ್ನುತ್ತದೆ. ಮೀನಿನ ಅಂಗಡಿಯ ಕಸವಾದರೆ ಅದರ ಜೊತೆ ಉಪ್ಪೂ ಸೇರಿತು. "ಹಾಗಾದರೆ ಜಿಐ ಶೀಟು ಹಾಕಿ ಮಾರಾಯ್ರೆ" ಎನ್ನುವವರಿದ್ದಾರೆ. ಜಿಐ ಎಂದರೆ ಸತು ಲೇಪಿಸಿದ ಕಬ್ಬಿಣ. ಆ ಸತು ಮಳೆಗೆ ಚೆನ್ನಾಗಿ ತಡೆಯುತ್ತದೆ, ಹುಳಿ ನೀರಿಗೆ ನಿಲ್ಲುವುದಿಲ್ಲ. ಮೇಲಾಗಿ ಅದನ್ನು ವೆಲ್ಡ್ ಮಾಡುವಾಗ ಏಳುವ ಬಿಳಿ ಹೊಗೆ ಕುಡಿದವರಿಗೆ ಸಂಜೆ ಚಳಿಜ್ವರ ಬರುತ್ತದೆ. ಹುಡುಗರನ್ನು ಆ ಹೊಗೆಗೆ ಒಡ್ಡಲು ನಾನು ತಯಾರಿಲ್ಲ. ಸ್ಟೈನ್‌ಲೆಸ್ ಸ್ಟೀಲಿನದ್ದೂ ಮಾಡಬಹುದು. ಆದರೆ ಸಾಧಾರಣ 304 ದರ್ಜೆಯದ್ದು ಉಪ್ಪಿನ ಅಂಶಕ್ಕೆ ಚುಕ್ಕಿ ಚುಕ್ಕಿಯಾಗಿ ತೂತಾಗುತ್ತದೆ, ಖರ್ಚಂತೂ ಬಹಳ.

ಆದ್ದರಿಂದ ನಾನು ಮಾಡುವುದು ಮೈಲ್ಡ್ ಸ್ಟೀಲಿನಲ್ಲೇ, ಅಂದರೆ ಸಾದಾ ಕಬ್ಬಿಣದ ಶೀಟಿನಲ್ಲೇ. ಉದ್ದ ಎರಡೂವರೆ ಮೀಟರ್, ಅಗಲ ಒಂದೂವರೆ, ಎತ್ತರ 1.2 ಎಂದರೆ ನಾಲ್ಕೂವರೆ ಘನ ಮೀಟರ್. ನಮ್ಮಲ್ಲಿ ಹೆಚ್ಚು ಕೇಳುವ ಅಳತೆ ಇದು. ಗೋಡೆಗೆ 3 ಮಿಲಿಮೀಟರ್, ಅಡಿಗೆ 5. ಒಂದು ಮಿಲಿಮೀಟರ್ ದಪ್ಪದ ಒಂದು ಚದರ ಮೀಟರ್ ಶೀಟು 7.85 ಕಿಲೋ ತೂಗುತ್ತದೆ. ಆ ಲೆಕ್ಕದಲ್ಲಿ ಅಡಿಯೊಂದೇ ಸುಮಾರು 147 ಕಿಲೋ. ಚಾನೆಲ್, ಮುಚ್ಚಳ, ಬಿಜಾಗರಿ ಎಲ್ಲ ಸೇರಿ ಖಾಲಿ ಕಂಟೈನರೇ 600 ಕಿಲೋದ ಹತ್ತಿರ ಬರುತ್ತದೆ. ಅದಕ್ಕೆ ಒದ್ದೆ ಕಸ ತುಂಬಿದರೆ ಮೇಲೆ ಇನ್ನೆರಡು ಟನ್. ಗೋಡೆ ದಪ್ಪ ಮಾಡಿದಷ್ಟೂ ಲಾರಿ ಸುಮ್ಮನೆ ಕಬ್ಬಿಣ ಹೊತ್ತು ತಿರುಗುತ್ತದೆ. ದಪ್ಪ ಬೇಕಾದದ್ದು ಅಡಿಗೆ.

ಅಡಿಯನ್ನು ಸಮತಟ್ಟಾಗಿ ಕೂರಿಸುವುದಿಲ್ಲ. ಒಂದು ಮೂಲೆಯ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟು, ಅತಿ ತಗ್ಗಿನಲ್ಲಿ ಎರಡಿಂಚಿನ ಸಾಕೆಟ್ ಬೆಸೆದು ತಿರುಪಿನ ಬಿರಡೆ ಹಾಕುತ್ತೇನೆ. ಬಿರಡೆ ತೆರೆದಾಗ ನೀರು ಬಕೆಟಿಗೋ ಗುಂಡಿಗೋ ಬೀಳಬೇಕು, ರಸ್ತೆಗೆ ಅಲ್ಲ. ಒಳಮೂಲೆಗಳಲ್ಲಿ ಎಲ್ಲೂ ಬಿಡದೆ ಪೂರ್ತಿ ವೆಲ್ಡಿಂಗ್. ಶೀಟನ್ನು ಮೂಲೆಯಲ್ಲಿ ಕತ್ತರಿಸುವ ಬದಲು ಪ್ರೆಸ್ಸಿನಲ್ಲಿ ಬಗ್ಗಿಸಿ ತಂದರೆ ಜೋಡಣೆ ಮೂಲೆಯಿಂದ ಒಂದು ಗೇಣು ಮೇಲಕ್ಕೆ ಹೋಗುತ್ತದೆ. ನೀರು ನಿಲ್ಲುವ ಜಾಗದಲ್ಲಿ ಬೆಸುಗೆಯೇ ಇರುವುದಿಲ್ಲ. ಇದಕ್ಕೆ ಬೆಂಡಿಂಗ್ ಮೆಷಿನ್ ಇರುವಲ್ಲಿಗೆ ಶೀಟು ಕಳಿಸಬೇಕು, ಸಾಗಾಟದ ಖರ್ಚು ಬೀಳುತ್ತದೆ. ಆ ಖರ್ಚನ್ನು ನಾನು ಗಿರಾಕಿಗೆ ಬಿಡಿಸಿ ಹೇಳಿಯೇ ತೆಗೆದುಕೊಳ್ಳುತ್ತೇನೆ.

ಮಧ್ಯಾಹ್ನದ ಮೇಲೆ ಕಡಲ ಗಾಳಿ ಬೀಸತೊಡಗಿದರೆ ಸಿಒಟು ವೆಲ್ಡಿಂಗಿನಲ್ಲಿ ಬೆಸುಗೆಯನ್ನು ಹೊರಗಾಳಿಯಿಂದ ಕಾಯುವ ಗ್ಯಾಸ್ ಹಾರಿಹೋಗಿ ಬೆಸುಗೆಯಲ್ಲಿ ಸಣ್ಣ ಸಣ್ಣ ರಂಧ್ರ ಬೀಳುತ್ತದೆ. ಅದಕ್ಕೆ ಪಡುವಣ ಬದಿಗೆ ಟಾರ್ಪಾಲು ಕಟ್ಟುವುದು. ಕಂಟೈನರನ್ನು ಎತ್ತಿ ಹೊತ್ತೊಯ್ಯುವ ಡಂಪರ್ ಪ್ಲೇಸರ್ ಲಾರಿಯ ಚೈನು ಕೊಕ್ಕೆ ಹಾಕುವ ನಾಲ್ಕು ಪಿನ್ನುಗಳಿಗೆ ಮಾತ್ರ 7018 ಎಂಬ ಗಟ್ಟಿ ಬೆಸುಗೆಯ ವೆಲ್ಡಿಂಗ್ ರಾಡು, ಅದೂ ಓವನಿನಲ್ಲಿ ಕಾಯಿಸಿದ್ದು. ಮಳೆಗಾಲದ ತೇವ ಹೀರಿದ ರಾಡಿನಲ್ಲಿ ಮಾಡಿದ ಬೆಸುಗೆ ಮೇಲೆ ನೋಡಲು ಚೆಂದ, ಒಳಗೆ ಬಿರುಕು. ಕಂಟೈನರ್ ಗಾಳಿಯಲ್ಲಿ ತೂಗುತ್ತಿರುವಾಗ ಪಿನ್ನು ಕಿತ್ತರೆ ಕೆಳಗಿದ್ದವನ ಗತಿ ಏನು? ಪಿನ್ನಿನ ಸುತ್ತ 10 ಮಿಲಿಮೀಟರ್ ಪ್ಲೇಟಿನ ಬಲ ಕೊಟ್ಟು, ಒಳಗೂ ಹೊರಗೂ ಬೆಸೆಯದೆ ಶೆಡ್ಡಿನಿಂದ ಹೊರಗೆ ಬಿಡುವುದಿಲ್ಲ.

ಇನ್ನು ಮುಚ್ಚಳ. "ಮುಚ್ಚಳ ಬೇಡ, ರೇಟು ಸ್ವಲ್ಪ ಕಡಿಮೆ ಮಾಡಿ" ಎಂದವರಿಗೆ ನಾನು ಮಳೆಯ ಲೆಕ್ಕ ಹೇಳುತ್ತೇನೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಒಂದೇ ದಿನ 100 ಮಿಲಿಮೀಟರ್ ಮಳೆ ಸುರಿಯುವುದು ನಮ್ಮಲ್ಲಿ ಹೊಸತಲ್ಲ. ಬಾಯಿ ತೆರೆದ ಈ ಕಂಟೈನರಿಗೆ ಅಷ್ಟು ಮಳೆ ಬಿದ್ದರೆ 375 ಲೀಟರ್ ನೀರು, ಅಂದರೆ 375 ಕಿಲೋ. ಕಸದ ಸಾಗಾಟಕ್ಕೆ ತೂಕದ ಮೇಲೆ ಹಣ ಕೊಡುವವರು ಮಳೆನೀರಿಗೂ ಕೊಟ್ಟ ಹಾಗೆ. 2 ಮಿಲಿಮೀಟರ್ ಶೀಟಿನ ಮುಚ್ಚಳವನ್ನು ಎರಡು ತುಂಡು ಮಾಡಿ, ನಡುವೆ ಏರು ಕೊಟ್ಟು ಇಳಿಸಿದರೆ ನೀರೂ ಜಾರುತ್ತದೆ, ನಾಯಿಯೂ ಕಾಗೆಯೂ ದೂರ.

ಎಲ್ಲಕ್ಕಿಂತ ಮುಖ್ಯ ಎಂದು ನಾನು ನಂಬಿರುವುದು ಪಕ್ಕದ ಬಾಗಿಲು. ನಮ್ಮಲ್ಲಿ ಅಂಗಡಿ, ಮನೆಗಳಿಂದ ಪ್ಲಾಸ್ಟಿಕ್, ಬಾಟಲಿ ಮುಂತಾದ ಒಣಕಸ ಸಂಗ್ರಹಿಸುವವರು ಪಂಚಾಯತು, ನಗರಸಭೆಗಳ ಹರಿತ ಕರ್ಮಸೇನೆ ಎಂಬ ತಂಡದ ಹೆಂಗಸರು. ರಿಪೇರಿಗೆ ಬಂದ ಕಂಟೈನರೊಂದನ್ನು ನೋಡಿ ಅವರಲ್ಲೊಬ್ಬರು, "ಅಣ್ಣಾ, ಇದಕ್ಕೆ ಗೋಣಿ ಎತ್ತಿ ಎತ್ತಿ ನಮ್ಮ ಭುಜ ಹೋಗ್ತದೆ" ಎಂದರು. ಅಡಿಚಾನೆಲ್ಲಿನ ಎತ್ತರವೂ ಸೇರಿ ಅದರ ಅಂಚು ಅವರ ಕುತ್ತಿಗೆಯ ಮಟ್ಟಕ್ಕೆ ಬರುತ್ತಿತ್ತು. ತುಂಬಿದ ಗೋಣಿಯನ್ನು ತಲೆಯ ಮೇಲೆ ಎತ್ತಿ ಎಸೆಯುವುದು ದಿನಕ್ಕೆ ಒಂದೆರಡು ಸಲದ ಮಾತಲ್ಲ. ಅಂದಿನಿಂದ ಉದ್ದದ ಬದಿಯಲ್ಲಿ ಸೊಂಟದ ಮಟ್ಟಕ್ಕೆ ತೆರೆಯುವ ಬಾಗಿಲು ಇಡದೆ ಒಂದನ್ನೂ ಮಾಡಿಲ್ಲ. ಬಾಗಿಲಿನ ಅಂಚಿಗೆ ದುಂಡು ಸರಳು ಬೆಸೆದರೆ ಕೈ ಕೊಯ್ಯುವುದಿಲ್ಲ. ಇದಕ್ಕೆ ಬೇರೆ ಮಜೂರಿ ಹಾಕುವುದಿಲ್ಲ.

ಬಣ್ಣದ ವಿಷಯ. ಶೆಡ್ಡಿನ ಹೊರಗೆ ಇಟ್ಟ ಶೀಟಿನ ಮೇಲೆ ಕಡಲ ಗಾಳಿಯ ಉಪ್ಪು ಕಣ್ಣಿಗೆ ಕಾಣದೆ ಕೂತಿರುತ್ತದೆ. ಸಿಹಿನೀರಲ್ಲಿ ತೊಳೆದು ಒಣಗಿಸದೆ ಪ್ರೈಮರ್ ಹೊಡೆದರೆ ಮುಂದೆ ಬಣ್ಣದಡಿ ಬೊಬ್ಬೆ ಏಳುತ್ತದೆ. ಒಳಗೆ ಎರಡು ಕೋಟು ಎಪಾಕ್ಸಿ ಬಣ್ಣ, ಹೊರಗೆ ಪ್ರೈಮರಿನ ಮೇಲೆ ಪಿಯು (ಪಾಲಿಯುರಿಥೇನ್) ಬಣ್ಣ. ಬರೀ ರೆಡ್ ಆಕ್ಸೈಡ್ ಎಂಬ ಕೆಂಪು ಪ್ರೈಮರ್ ಕಸದ ನೀರಿಗೆ ಸಾಕಾಗದು. 2016ರ ಘನತ್ಯಾಜ್ಯ ನಿಯಮದಲ್ಲಿ ಹಸಿಕಸಕ್ಕೆ ಹಸಿರು, ಮರುಬಳಕೆಯದ್ದಕ್ಕೆ ಬಿಳಿ, ಉಳಿದದ್ದಕ್ಕೆ ಕಪ್ಪು ಎಂದಿತ್ತು, ಆದರೆ ಜನರಿಗೆ ರೂಢಿಯಾದದ್ದು ಹಸಿರು ಮತ್ತು ನೀಲಿ. ರಾತ್ರಿ ರಸ್ತೆಬದಿ ನಿಲ್ಲುವುದಾದರೆ ನಾಲ್ಕೂ ಮೂಲೆಗೆ ಹೊಳೆಯುವ ಪಟ್ಟಿ ಅಂಟಿಸಲೇಬೇಕು.

ಮೀನಿನ ಕಸಕ್ಕೆಂದು ದೊಡ್ಡ ಕಂಟೈನರ್ ಕೇಳಿ ಬಂದರೆ ನಾನು ಬೇಡ ಎನ್ನುತ್ತೇನೆ. ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ದಿನದಿನವೇ ಸಾಗಿಸುವುದು ಒಳ್ಳೆಯದು. ಆರ್ಡರು ಹೋದರೂ ಚಿಂತಿಲ್ಲ. ಹೋಟೆಲಿನ ಅನ್ನ, ತರಕಾರಿಯೂ ಬಯೋಗ್ಯಾಸ್ ಅಥವಾ ಗೊಬ್ಬರಕ್ಕೆ ಹೋಗಿ, ಕಂಟೈನರಿಗೆ ಒಣಕಸ ಮಾತ್ರ ಬಿದ್ದರೆ ಅದೇ ಕಬ್ಬಿಣ ಎಷ್ಟೋ ಪಟ್ಟು ಬಾಳುತ್ತದೆ.

ಇಡುವ ಜಾಗ ನೋಡಲು ನಾನೇ ಹೋಗುತ್ತೇನೆ. ಲಾರಿ ಎತ್ತುವಾಗ ತಲೆಯ ಮೇಲೆ ಕರೆಂಟಿನ ತಂತಿ ಇರಬಾರದು. ಪ್ಲಾಸ್ಟಿಕ್ ಕಸಕ್ಕೆ ಬೆಂಕಿ ಹತ್ತಿದರೂ ಕಟ್ಟಡಕ್ಕೆ ತಾಗದಷ್ಟು ದೂರ ಬೇಕು. ಮಣ್ಣಿನ ಮೇಲೆ ಇಡಿಸುವುದಿಲ್ಲ. ಕಾಂಕ್ರೀಟಿನ ಎರಡು ದಿಂಡಿನ ಮೇಲೆ ಕೂರಿಸಿದರೆ ಅಡಿಗೆ ಗಾಳಿಯಾಡುತ್ತದೆ.

ಮಳೆ ಶುರುವಾಗುವ ಮೊದಲು, ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ, ಖಾಲಿ ಮಾಡಿ ತೊಳೆದು ಅಡಿಗೆ ಸುತ್ತಿಗೆಯಿಂದ ಮೆಲ್ಲ ಬಡಿದು ನೋಡಿ. ಗಟ್ಟಿ ಶೀಟು ಠಣ್ ಎನ್ನುತ್ತದೆ, ತೆಳ್ಳಗಾದ ಕಡೆ ಸದ್ದು ಸತ್ತಿರುತ್ತದೆ. ಅಲ್ಲಿ ತುಕ್ಕು ಹಿಡಿದ ಭಾಗವನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು, ಅಷ್ಟೇ ಅಳತೆಯ ಹೊಸ ತುಂಡು ಕೂರಿಸಿ ಎರಡೂ ಬದಿಯಿಂದ ಬೆಸೆಯಬೇಕು. ಹಳೆಯದರ ಮೇಲೆ ತೇಪೆ ಇಟ್ಟರೆ ನಡುವೆ ಮತ್ತೆ ಅದೇ ಸಂದಿ, ಅದೇ ನೀರು.