ಆನ್‌ಲೈನ್ ಕ್ಲಾಸಿಗೆ ಮಗು ಬರ್ತಿಲ್ವಾ? ಮನೆಗೆ ಫೋನ್ ಮಾಡೋದು ಹೀಗೆ

2020ರ ಮಾರ್ಚ್‌ನಲ್ಲಿ ಸ್ಕೂಲು ಮುಚ್ಚಿದಾಗ ನಾವು ಟೀಚರ್‌ಗಳೆಲ್ಲ ಒಂದೇ ತಪ್ಪು ಮಾಡಿದ್ವಿ, ವಾಟ್ಸಾಪಲ್ಲಿ ಲಿಂಕ್ ಹಾಕೋದು, ಬರದವರಿಗೆ ‘ನಿಮ್ಮ ಮಗು ಇಂದು ಗೈರು’ ಅಂತ ಮೆಸೇಜ್ ಕಳ್ಸೋದು. ಈಗ ಮಳೆ ರಜೆ ಬಂದು ಫೋನಲ್ಲಿ ಪಾಠ ಮಾಡುವಾಗ್ಲೂ ಅದೇ ನಡೀತಿರೋದು ನೋಡಿ ಇದನ್ನ ಬರೀತಿದ್ದೀನಿ.

ಮೊದಲು ಪಟ್ಟಿ. 2020ರಲ್ಲಿ ಸ್ಕೂಲು ಮುಚ್ಚಿದ್ದಾಗ ಮಕ್ಕಳಿದ್ದ ಕಡೆಗೇ ಪಾಠ ತಲುಪಿಸೋಕೆ ನಮ್ಮ ರಾಜ್ಯ ಸರ್ಕಾರ ತಂದಿದ್ದ ವಿದ್ಯಾಗಮ ಯೋಜನೇಲಿ ಮಾಡಿದ ಹಾಗೇ ಮೂರು ಗುಂಪು ಮಾಡ್ಕೊಳ್ಳಿ: ಇಂಟರ್‌ನೆಟ್ ಇರೋ ಸ್ಮಾರ್ಟ್‌ಫೋನಿನವರು, ಬರೀ ಕೀಪ್ಯಾಡ್ ಫೋನಿನವರು, ಫೋನೇ ಇಲ್ಲದವರು. ಪಕ್ಕದಲ್ಲಿ ಇನ್ನೊಂದು ಕಾಲಂ ಎಳೀರಿ, ಆ ಫೋನ್ ಯಾರದ್ದು, ಎಷ್ಟೊತ್ತಿಗೆ ಮನೇಲಿರುತ್ತೆ ಅಂತ.

ಆಮೇಲೆ ಫೋನ್ ಮಾಡೋದು, ಎಲ್ಲರೂ ಎಡವೋದು ಇಲ್ಲೇ. ಬೆಳಿಗ್ಗೆ ಮಾಡ್ಲೇಬೇಡಿ, ಹಾಲು ಡೇರಿಗೆ ಹಾಕಿ ಕೂಲಿಗೆ ಹೊರಡೋ ಗಡಿಬಿಡೀಲಿರ್ತಾರೆ, ರಾತ್ರಿ ಏಳೂವರೆ ಮೇಲೆ ಮಾಡಿ. ಸ್ಕೂಲಿಂದ ಅಂದ ತಕ್ಷಣ ಆ ಕಡೆಯಿಂದ ಬರೋ ಮೊದಲ ಮಾತು ‘ಏನ್ ಮಾಡಿದ್ಲು ಮಿಸ್ ನಮ್ಮುಡುಗಿ?’ ಅಂತ. ಅದಕ್ಕೇ ‘ಗಾಬರಿ ಆಗ್ಬೇಡಿ ಅಮ್ಮಾ, ಅವಳೇನೂ ತಪ್ಪು ಮಾಡಿಲ್ಲ’ ಅಂತ್ಲೇ ಶುರು ಮಾಡಿ, ಮಗು ಬಗ್ಗೆ ಒಂದು ಒಳ್ಳೆ ಮಾತು ಹೇಳಿ, ಅದು ನಿಜ ಆಗಿರ್ಬೇಕು. ‘ಯಾಕೆ ಬಂದಿಲ್ಲ?’ ಅಂತ ಕೇಳಿದ್ರೆ ‘ನೆಟ್‌ವರ್ಕ್ ಇಲ್ಲ ಮಿಸ್’ ಅಂತಾರೆ, ಮಾತು ಅಲ್ಲಿಗೇ ಮುಗೀತು. ‘ಹಗಲು ಹೊತ್ತು ಫೋನ್ ಯಾರತ್ರ ಇರುತ್ತೆ?’ ಅಂತ ಕೇಳಿ.

ನಮ್ಮ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮೂರು ವಾರ ಬರ್ಲಿಲ್ಲ, ಸೋಮಾರಿ ಅನ್ಕೊಂಡಿದ್ವಿ. ಹೀಗೆ ಕೇಳಿದಾಗ ಗೊತ್ತಾಯ್ತು, ಅಪ್ಪ ಗಾರೆ ಕೆಲಸಕ್ಕೆ ಏಳಕ್ಕೇ ಫೋನ್ ಜೇಬಲ್ಲಿಟ್ಕೊಂಡು ಹೋದ್ರೆ ವಾಪಸ್ ಬರೋದು ಕತ್ತಲಾದ್ಮೇಲೆ, ಅಷ್ಟೊತ್ತಿಗೆ ಚಾರ್ಜೂ ಇರಲ್ಲ. ಹತ್ತು ಗಂಟೆ ಕ್ಲಾಸಿಗೆ ಅವಳು ಎಲ್ಲಿಂದ ಬರ್ಬೇಕು? ಪಾಠನ ಹತ್ತು ನಿಮಿಷದ ವಾಯ್ಸ್ ಮೆಸೇಜ್ ಮಾಡಿ ರಾತ್ರಿ ಕಳ್ಸಿದ್ವಿ, ಬೆಳಿಗ್ಗೆ ಅಪ್ಪ ಹೊರಡೋದ್ರೊಳಗೆ ನೋಟ್‌ಬುಕ್ ಫೋಟೋ ಬಂದ್ರೆ ಅದೇ ಹಾಜರಿ. ಆಮೇಲೆ ಅವಳು ಒಂದು ದಿನಾನೂ ತಪ್ಪಿಸ್ಲಿಲ್ಲ.

ಫೋನ್ ಇಡೋ ಮುಂಚೆ ಒಂದೇ ಒಂದು ಕೆಲಸ ಒಪ್ಪಿಸಿ: ‘ರಾತ್ರಿ ಎಂಟು ಗಂಟೆಗೆ ಚಾರ್ಜ್ ಹಾಕಿ ಅವಳ ಕೈಗೆ ಕೊಡಿ, ಅಷ್ಟು ಸಾಕು.’ ಓದು ಬರಹ ಬರದ ಅಪ್ಪ ಅಮ್ಮ ‘ನಮ್ಮಿಂದೇನಾಗುತ್ತೆ’ ಅಂತ ಹಿಂದೆ ಸರೀತಾರೆ, ಪಾಠ ಹೇಳ್ಕೊಡೋದು ನಮ್ಮ ಕೆಲಸ ಅಂತ ಬಾಯ್ಬಿಟ್ಟು ಹೇಳಿ. ಅಜ್ಜಿ ಇದ್ರೆ ಸ್ಪೀಕರ್ ಹಾಕಿಸಿ, ಹಗಲು ಮಗು ಜೊತೆ ಇರೋದು ಅವರೇ.

ಶಾರ್ಟ್‌ಕಟ್ ಬೇಡ. ರೆಕಾರ್ಡ್ ಮಾಡಿದ ಆಟೊ ಕಾಲ್ ಸರ್ವಿಸ್‌ಗೆ ದುಡ್ಡು ಹಾಕ್ಬೇಡಿ, ಜನ ಅದನ್ನ ಸಾಲದ ಕಂಪನಿ ಕಾಲ್ ಅನ್ಕೊಂಡು ಕಟ್ ಮಾಡ್ತಾರೆ. ಗೈರಾದವರ ಹೆಸರು ಗ್ರೂಪಲ್ಲಿ ಹಾಕ್ಲೇಬಾರ್ದು, ನಾಲ್ಕು ಜನರ ಮುಂದೆ ಮಾನ ಹೋದ್ರೆ ಅವರು ಮತ್ತೆ ನಿಮ್ಮ ಫೋನ್ ಎತ್ತಲ್ಲ.

ಫೋನೇ ಇಲ್ಲದವರನ್ನ ಪಕ್ಕದ ಮನೆ ಮಗು ಜೊತೆ ಕೂರಿಸಿ, ಆ ಮನೆಯವರನ್ನ ಮೊದಲೇ ಕೇಳಿ ಒಪ್ಪಿಸಿ.

ಮಗು ಬಂದ ಮೂರನೇ ದಿನ ‘ಬರ್ತಿದ್ದಾಳೆ, ಥ್ಯಾಂಕ್ಸ್ ಅಮ್ಮಾ’ ಅಂತ ಮತ್ತೆ ಫೋನ್ ಮಾಡಿ, ಒಂದು ನಿಮಿಷ ಸಾಕು.

ಎರಡು ವಾರ ಆದ್ರೂ ಯಾರೂ ಫೋನ್ ಎತ್ತದಿದ್ರೆ, ಅದ್ರಲ್ಲೂ ಹೈಸ್ಕೂಲ್ ಹೆಣ್ಮಗು ಆದ್ರೆ, ಎಸ್‌ಡಿಎಂಸಿ (ಅಪ್ಪ ಅಮ್ಮಂದಿರೇ ಇರೋ ಸ್ಕೂಲಿನ ಸಮಿತಿ) ಸದಸ್ಯರೊಬ್ಬರನ್ನ ಕರ್ಕೊಂಡು ಅವತ್ತೇ ಮನೆಗೆ ಹೋಗಿ. ಮದುವೆ ಮಾತುಕತೆ ನಡೀತಿದೆ ಅಂತಲೋ, ಕೆಲಸಕ್ಕೆ ಕಳ್ಸಿದ್ದಾರೆ ಅಂತಲೋ ಅನ್ನಿಸಿದ್ರೆ ಕಾಯ್ಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕಾಲ್ ಮಾಡಿ.