ಮಳೆಗಾಲದಲ್ಲಿ ಫಿಲ್ಟರ್ ಬೆಡ್ ಕಟ್ಕೊಳ್ತಿದ್ಯಾ? ಹೊಸದಕ್ಕೆ ಎಸ್ಟಿಮೇಟ್ ಹಾಕೋ ಮುಂಚೆ ಇಷ್ಟು ಮಾಡಿ ನೋಡಿ

ಜೂನ್ ಕೊನೆಗೆ ಮೂಡಿಗೆರೆ, ಸಕಲೇಶಪುರ ಕಡೆ ಮಳೆ ಹಿಡಿದ್ರೆ ಹೇಮಾವತಿ ಕೆಂಪಗಾಗ್ತಾಳೆ, ಯಗಚಿನೂ ಅಷ್ಟೇ. ಹಾಸನ ಕುಡಿಯೋದು ಹೇಮಾವತಿ, ಚಿಕ್ಕಮಗಳೂರು ಕುಡಿಯೋದು ಯಗಚಿ. ಹೊಳೆ ತುಂಬಿ ಹರೀತಿರುವಾಗ ನಲ್ಲೀಲಿ ನೀರು ಯಾಕೆ ಸಣ್ಣಗೆ ಬರುತ್ತೆ ಅಂತ ಯಾರಾದ್ರೂ ಕೇಳಿದ್ರೆ, ಉತ್ತರ ಹೆಚ್ಚಾಗಿ ಶುದ್ಧೀಕರಣ ಘಟಕದಲ್ಲಿ ಹೊಳೆ ನೀರು ಶೋಧಿಸೋ ಮರಳಿನ ಬೆಡ್ಡಲ್ಲಿರುತ್ತೆ. ಆದ್ರೆ ತಪ್ಪು ಬೆಡ್ಡಿಂದೇ ಇರ್ಬೇಕು ಅಂತೇನಿಲ್ಲ.

ಮೊದ್ಲು ಒಂದು ಲೆಕ್ಕ. 40 ಚದರ ಮೀಟರ್ ಬೆಡ್ ಒಂದಿದೆ ಅನ್ಕೊಳ್ಳಿ, ಗಂಟೆಗೆ 5 ಮೀಟರ್ ವೇಗದಲ್ಲಿ ಶೋಧಿಸಿದ್ರೆ ಗಂಟೆಗೆ 2 ಲಕ್ಷ ಲೀಟರ್. ಒಂದು ಬ್ಯಾಕ್‌ವಾಶ್‌ಗೆ, ಅಂದ್ರೆ ಕೆಳಗಿಂದ ಮೇಲಕ್ಕೆ ನೀರು ನುಗ್ಗಿಸಿ ಬೆಡ್ ತೊಳೆಯೋದಕ್ಕೆ, ಗಂಟೆಗೆ 36 ಮೀಟರ್ ವೇಗದಲ್ಲಿ ಹತ್ತು ನಿಮಿಷ ನೀರು ಬಿಟ್ರೆ 2.4 ಲಕ್ಷ ಲೀಟರ್ ಹೋಯ್ತು, ಬೆಡ್ ಅರ್ಧ ಗಂಟೆ ಬಂದ್ ಆಗಿದ್ದಕ್ಕೆ ಇನ್ನೊಂದು ಲಕ್ಷ, ಒಟ್ಟು 3.4 ಲಕ್ಷ. ತಲೆಗೆ ದಿನಕ್ಕೆ 135 ಲೀಟರ್ ಅಂದ್ರೂ 2,500 ಜನರ ಒಂದು ದಿನದ ನೀರು! ದಿನಕ್ಕೆ ಎರಡು ಸಲ ತೊಳೆಯೋ ಬೆಡ್ಡನ್ನ ಒಂದೇ ಸಲಕ್ಕೆ ತಂದ್ರೆ ಸಿಮೆಂಟು ಕಲಸದೇನೇ ಅಷ್ಟು ನೀರು ಉಳೀತು.

ಹಂಗಾದ್ರೆ ಶುರು ಮಾಡ್ಬೇಕಾದ್ದು ನೀರಿನ ಮಣ್ಣನ್ನ ಗಂಟು ಕಟ್ಟಿಸಿ ತಳಕ್ಕಿಳಿಸೋ ಆಲಂ ಕಡೆಯಿಂದ. ಬೇಸಿಗೆಯ ಡೋಸನ್ನೇ ಮಳೆಗಾಲಕ್ಕೂ ಎಳೀಬೇಡಿ, ಕೆಂಪು ನೀರು ಬಂದ ದಿನ ಜಾರ್ ಟೆಸ್ಟ್ ಆಗ್ಲೇಬೇಕು. ಆರು ಜಾರಲ್ಲಿ ಒಂದೊಂದು ಲೀಟರ್ ಹೊಳೆ ನೀರು, 10ರಿಂದ 60 ಮಿಲಿಗ್ರಾಂವರೆಗೆ ಆಲಂ, ಒಂದು ನಿಮಿಷ ಜೋರಾಗಿ ತಿರುಗಿಸಿ, ಆಮೇಲೆ 15-20 ನಿಮಿಷ ನಿಧಾನಕ್ಕೆ, ಅರ್ಧ ಗಂಟೆ ಅಲುಗಾಡಿಸ್ದೆ ಬಿಟ್ಟು ಯಾವ ಜಾರ್ ತಿಳಿಯಾಯ್ತು ನೋಡಿ. ಎಷ್ಟು ಆಲಂ ಹಾಕಿದ್ರೂ ಗರಣೆ ಕಟ್ತಿಲ್ಲ ಅಂದ್ರೆ ಸುಣ್ಣ ಬೇಕಾಗಿರ್ಬಹುದು, ಯಾಕಂದ್ರೆ ಒಂದು ಮಿಲಿಗ್ರಾಂ ಆಲಂ ಸುಮಾರು ಅರ್ಧ ಮಿಲಿಗ್ರಾಂ ಕ್ಷಾರತೆ ತಿಂದ್ಹಾಕುತ್ತೆ, ಮಳೆ ನೀರಲ್ಲಿ ಅದೇ ಕಮ್ಮಿ. ಇದನ್ನ ಮರೆತು ಇನ್ನಷ್ಟು ಆಲಂ ಸುರಿಯೋರೇ ಜಾಸ್ತಿ. ಕ್ಲಾರಿಫೈಯರ್ (ಆ ಗರಣೆ ತಳಕ್ಕಿಳಿಯೋ ತೊಟ್ಟಿ) ದಾಟಿದ ನೀರು 10 ಎನ್‌ಟಿಯು (ನೀರಿನ ಕದಡು ಅಳೆಯೋ ಮಾನ) ಒಳಗೆ, ಸಾಧ್ಯವಾದ್ರೆ 5ರ ಹತ್ರ ಇರ್ಲಿ, ಆಗ ಬೆಡ್ ಮೇಲಿನ ಅರ್ಧ ಹೊರೆ ಇಳಿದಂಗೆ.

ಈಗ ಬೆಡ್ಡಿಗೆ ಇಳೀರಿ. ನೀರು ಖಾಲಿ ಮಾಡಿಸಿ ನಾಲ್ಕೈದು ಕಡೆ ಕಬ್ಬಿಣದ ಸರಳು ಚುಚ್ಚಿ ಮರಳಿನ ಆಳ ಅಳೀರಿ. 60-75 ಸೆಂಟಿಮೀಟರ್ ಇರ್ಬೇಕಾದ ಮರಳು ವರ್ಷಾನುಗಟ್ಲೆ ವಾಶಲ್ಲಿ ಕೊಚ್ಚಿ ಹೋಗಿರುತ್ತೆ. ತುಂಬಿಸುವಾಗ ಮನೆ ಕಟ್ಟೋ ಮರಳು ತಂದು ಸುರೀಬೇಡಿ ದಯವಿಟ್ಟು, ಜರಡಿ ಹಿಡಿದು ಪರಿಣಾಮಕಾರಿ ಗಾತ್ರ (ತೂಕದಲ್ಲಿ ಶೇ. 10ರಷ್ಟು ಮರಳು ಮಾತ್ರ ದಾಟೋ ಜರಡಿ ಕಣ್ಣಿನ ಅಳತೆ) 0.45ರಿಂದ 0.7 ಮಿಲಿಮೀಟರ್ ಇದೆ ಅಂತ ರಿಪೋರ್ಟ್ ಇರೋದೇ ಆಗ್ಬೇಕು. ಕೈ ಹಾಕಿ ಕೆದಕಿದ್ರೆ ಮಣ್ಣಿನ ಉಂಡೆ ಸಿಗ್ತವಾ? ಶುರುವಲ್ಲಿ ಬಟಾಣಿ ಕಾಳಷ್ಟು, ಬಿಟ್ರೆ ನಿಂಬೆಹಣ್ಣಷ್ಟಾಗಿ ಭಾರಕ್ಕೆ ಕೆಳಗಿಳಿದು ಮರಳಿನಡಿಯ ಜಲ್ಲಿ ಮೇಲೆ ಕೂತ್ಕೊಳ್ತವೆ, ಆಮೇಲೆ ನೀರು ಅವನ್ನ ಸುತ್ತಿ ಒಂದೇ ಜಾಗದಲ್ಲಿ ನುಗ್ಗುತ್ತೆ. ಸಣ್ಣವಾದ್ರೆ ಜೆಟ್ ಪೈಪಲ್ಲಿ ಒಡೀಬಹುದು, ಇಲ್ಲಾಂದ್ರೆ ಮರಳು ತೆಗೆದು ತೊಳೆಯೋದೇ ದಾರಿ.

ಬ್ಯಾಕ್‌ವಾಶ್ ಗಡಿಯಾರ ನೋಡಿ ಮಾಡೋದಲ್ಲ, ಗೇಜ್ ನೋಡಿ ಮಾಡೋದು. ಹೆಡ್ ಲಾಸ್ (ಬೆಡ್ ದಾಟುವಾಗ ನೀರು ಕಳ್ಕೊಳ್ಳೋ ಒತ್ತಡ) 1.8-2 ಮೀಟರ್ ಮುಟ್ಟಿದಾಗ, ಅಥವಾ ಶೋಧಿಸಿದ ನೀರಿನ ಟರ್ಬಿಡಿಟಿ (ಕದಡು) ಏರಿದಾಗ, ಯಾವ್ದು ಮೊದ್ಲೋ ಆಗ. ಮರಳಿನ ಮೇಲೆ ಒಂದು ಗೇಣು ನೀರು ಉಳಿಸಿ, ಬ್ಲೋಯರಿಂದ ಕೆಳಗಿಂದ ಗಾಳಿ 3-5 ನಿಮಿಷ, ಆಮೇಲೆ ನೀರು. ಗಾಳಿ ಗುಳ್ಳೆ ಇಡೀ ಬೆಡ್ಡಲ್ಲಿ ಒಂದೇ ಸಮ ಏಳ್ಬೇಕು. ಒಂದು ಮೂಲೇಲಿ ಕುದೀತಾ ಇನ್ನೊಂದು ಮೂಲೆ ಸುಮ್ನಿದ್ರೆ ಕೆಳಗೆ ಗಾಳಿ-ನೀರು ಬರೋ ಮೂತಿ (ನಾಝಲ್) ಒಡೆದಿದೆ ಅಥವಾ ಕಟ್ಟಿದೆ. ತೊಳೆದ ನೀರು ಕನ್ನಡಿಯಂತಾಗೋವರೆಗೆ ಕಾಯ್ಬೇಕಿಲ್ಲ, ತಿಳಿಯಾಗ್ತಿದ್ದಂಗೆ ನಿಲ್ಸಿ. ತೊಳೆದ ಬೆಡ್ಡಿಂದ ಬರೋ ಮೊದಲ ನೀರು ಸ್ವಲ್ಪ ಹೊತ್ತು ಕಲಕಲಾಗಿರುತ್ತೆ, ಡ್ರೈನಿಗೆ ಬಿಡೋ ವಾಲ್ವ್ ಇದ್ರೆ 1 ಎನ್‌ಟಿಯುಗಿಂತ ಕೆಳಗಿಳಿಯೋವರೆಗೂ ಅಲ್ಲಿಗೆ ಬಿಡಿ. ಎರಡು ಬೆಡ್ ಒಟ್ಟಿಗೆ ಬಂದ್ ಮಾಡ್ಬೇಡಿ, ಉಳಿದ ಬೆಡ್ ಮೇಲೆ ದಿಢೀರ್ ಲೋಡ್ ಬಿದ್ದು ಹಿಡಿದಿಟ್ಟ ಕೊಳೆಯೆಲ್ಲ ಕೆಳಗೆ ದಾಟುತ್ತೆ.

ಇಷ್ಟಾದ್ಮೇಲೂ ನೀರು ಸಾಲ್ದಿದ್ರೆ ಎರಡು ಪದರದ ಬೆಡ್ ಇದೆ. ಮೇಲೆ ಹಗುರ, ದಪ್ಪ ಕಾಳಿನ ಆಂಥ್ರಸೈಟ್ (ಒಂದು ಬಗೆಯ ಗಟ್ಟಿ ಕಲ್ಲಿದ್ದಲು), ಕೆಳಗೆ ಮರಳು. ಕೊಳೆ ಮೇಲ್ಪದರದಲ್ಲೇ ಅಂಟದೆ ಆಳಕ್ಕೂ ಹೋಗೋದ್ರಿಂದ ಗಂಟೆಗೆ 5ರ ಬದ್ಲು 7-10 ಮೀಟರ್ ವೇಗ ತಡೆಯುತ್ತೆ. ಮಹಾರಾಷ್ಟ್ರದಲ್ಲಿ ಆಂಥ್ರಸೈಟ್ ಬದ್ಲು ತೆಂಗಿನ ಕರಟ ಪುಡಿ ಮಾಡಿ ಹಾಕಿದ್ದುಂಟು, ಅರಸೀಕೆರೆ ಇಟ್ಕೊಂಡ ನಮಗೆ ಕರಟಕ್ಕೇನು ಬರ! ಆದ್ರೆ ಮೊದ್ಲು ಒಂದೇ ಬೆಡ್ಡಲ್ಲಿ ಒಂದು ಮಳೆಗಾಲ ಪೂರ್ತಿ ಓಡ್ಸಿ. ಕ್ಲಾರಿಫೈಯರ್, ಔಟ್‌ಲೆಟ್ ಪೈಪು, ಕ್ಲೋರಿನ್ ಬೆರೆತು ನಿಲ್ಲೋ ಸಂಪು, ಇವು ಮೂರೂ ಆ ಹೆಚ್ಚಿನ ನೀರು ತಡ್ಕೊಳ್ತವಾ ಅಂತ ಅಷ್ಟರೊಳಗೆ ಲೆಕ್ಕ ಹಾಕಿಟ್ಕೊಳ್ಳಿ.